ಕೋಲ್ಡ್ ರೂಮಿನ ಕೀಲಿ

ಸಂಖ್ಯಾಶಾಸ್ತ್ರದ ಎದುರಿಗೆ ಸಿ ಪ್ಲಸ್.
ಉಳಿದ ಮೂರರ ಎದುರಿಗೂ ಏನೋ ಇತ್ತು,
ಕಣ್ಣು ಅಲ್ಲಿಗೆ ಹೋಗಲಿಲ್ಲ.
ಪೋದೇರನ ಸೈಕಲ್ಲಿನ ಹಾರ್ನು
ಕರಂಜಾಳೆಯ ಗಲ್ಲಿ ತಿರುಗುವ ಹೊತ್ತಿಗೆ
ಮೊಬೈಲಿಗೆ ಬಂತು ಪಟ್ಟಿ.
ಅಡಿಯಲ್ಲೊಂದು ಗೆರೆ: ಪ್ರತಿ, ಮಾರ್ಗದರ್ಶಕರಿಗೆ.

ಎರಡು ಬಿಸಿ ಪಾವು ಕೈಯಲ್ಲೇ ಆರಿದವು.

ಬರೆಟ್ಟೊ ಮೇಡಂ ಓದಿದರೋ ಇಲ್ಲವೋ.
ಓದಿದ್ದಾರೆ ಅಂದುಕೊಂಡರೆ
ಕಾರಿಡಾರಿನಲ್ಲಿ ತಲೆ ಎತ್ತದೆ ಹೋದದ್ದಕ್ಕೆ ಅರ್ಥವಿದೆ.
ಓದಿಲ್ಲ ಅಂದುಕೊಂಡರೆ
ಓದುವುದು ಇನ್ನೂ ಬಾಕಿ ಇದೆ.
ನಾನು ಕಳಿಸಿದ ನಕ್ಷೆಗೆ ಬಂದ ಉತ್ತರ: ಓಕೆ.
ಓಕೆಯ ಮುಂದೊಂದು ಚುಕ್ಕೆ.
ಹೋದ ತಿಂಗಳ ಓಕೆಗಳನ್ನೆಲ್ಲ ತೆಗೆದು ನೋಡಿದೆ,
ಹನ್ನೊಂದರಲ್ಲಿ ಚುಕ್ಕೆ ಇದ್ದದ್ದು ನಾಲ್ಕಕ್ಕೆ.
ಇದು ಆಕಸ್ಮಿಕವೋ ಅಲ್ಲವೋ ಹೇಳುವುದಕ್ಕೆ
ಒಂದು ಸೂತ್ರವಿದೆ ಸಂಖ್ಯಾಶಾಸ್ತ್ರದಲ್ಲಿ,
ನಾನು ತಪ್ಪಿದ್ದು ಅದರಲ್ಲೇ.

ಇಂಡಿಗೆ ಫೋನು ಮಾಡಿದೆ.
ಅಕ್ಕ ಹಿಟ್ಟಿನ ಗಿರಣಿ ನಿಲ್ಲಿಸದೆ ಮಾತಾಡುತ್ತಾಳೆ,
ಅರ್ಧ ಮಾತು ಜೋಳದ ಜೊತೆ ಬೀಸಿಹೋಗುತ್ತದೆ.
"ಪಾಸೋ ನಪಾಸೋ?"
ಪಾಸು.
"ಮತ್ಯಾಕ ಅಳಾಕತ್ತಿ?"
ಹಂಗಲ್ಲಕ್ಕಾ, ಅವರೇನು ತಿಳಕೋತಾರ...
"ಯಾರು, ಆ ಸಮುದ್ರದ ಬಾಯಿ?"
ಅವಳಿಗೆ ಮೇಡಂ ಯಾವಾಗಲೂ ಸಮುದ್ರದ ಬಾಯಿ.
"ನಿನ್ನ ಕೈ ನೋಡಿ ತಗೊಂಡಾಳೋ, ಮಾರ್ಕು ನೋಡಿ ತಗೊಂಡಾಳೋ?"
ಗಿರಣಿಯ ಸದ್ದಿನಲ್ಲಿ ನನ್ನ ಉತ್ತರ
ನನಗೇ ಕೇಳಲಿಲ್ಲ.

ದೋನಾ ಪಾವ್ಲಾದ ದಿಬ್ಬದ ಮೇಲೆ ನಮ್ಮ ಲ್ಯಾಬು.
ಕಿಟಕಿ ತುಂಬ ಜುವಾರಿ, ಅದಿರಿನ ಬಾರ್ಜು,
ನನ್ನ ಕಣ್ಣು ಮಾತ್ರ ಸೂಕ್ಷ್ಮದರ್ಶಕದಲ್ಲಿ:
ಒಂದೆಳೆ ಕುಂಚ, ತುದಿಗೆ ನೀರಿನ ಪಸೆ,
ಎಂಟು ಸಾವಿರ ವರ್ಷದ ಹಿಂದೆ ಸತ್ತ ಜೀವಿಯ ಚಿಪ್ಪು,
ರವೆಗಿಂತ ಸಣ್ಣದು.
ಪ್ರತಿ ತಟ್ಟೆಗೆ ಮುನ್ನೂರು ಆರಿಸಬೇಕು.
ಸೇರಿದ ಹೊಸದರಲ್ಲಿ ಮೇಡಂ ಪಕ್ಕದಲ್ಲೇ ಕೂತು
ಉಸಿರು ಕಟ್ಟಬೇಡ, ಸಣ್ಣಗೆ ಬಿಡು,
ಕಟ್ಟಿ ಬಿಟ್ಟರೆ ಒಮ್ಮೆಗೇ ಹಾರಿಹೋಗುತ್ತವೆ
ಅಂದಿದ್ದರು.
ಈ ವಾರ ಎರಡು ತಟ್ಟೆ ಹಾರಿಸಿದೆ.

ಗುರುವಾರ ಬಾಗಿಲಲ್ಲಿ ನಿಂತು, ಹೆಸರು ಕರೆಯದೆ,
"ಕೋಲ್ಡ್ ರೂಮಿನ ಕೀಲಿ ಕೊಡು."
ಎಂಟು ತಿಂಗಳಿಂದ ಕೊರಳಲ್ಲಿದ್ದದ್ದು.
ದಾರದ ಗಂಟು ಬಿಗಿದು
ಹಲ್ಲಿನಿಂದ ಕಚ್ಚಬೇಕಾಯಿತು ಅವರೆದುರಿಗೇ.
ಕೊಂಕಣಿ, ಇಂಗ್ಲಿಷು, ಕನ್ನಡ,
ಮೂರರಲ್ಲೂ ಹೊಂದಿಸಿಟ್ಟ ಮಾತು
ಆ ಹಲ್ಲಿನ ಹಿಂದೆಯೇ ಉಳಿಯಿತು.

ರಾತ್ರಿ ಏಳಕ್ಕೆ ಫೋನು. ಬಾ, ಕಂಪ್ರೆಸರ್ ಕೆಟ್ಟಿದೆ.

ಕೋಲ್ಡ್ ರೂಮು ಬೆವರುತ್ತಿತ್ತು.
ಕಡಲ ತಳದ ಕೆಸರು ತುಂಬಿದ ಕೊಳವೆಗಳು,
ಒಂದು ತುದಿ ಅವರು, ಒಂದು ತುದಿ ನಾನು,
ಇಪ್ಪತ್ತೆರಡು ಸಲ ಮೆಟ್ಟಿಲು ಹತ್ತಿದೆವು.
ನನ್ನ ಕಡೆ ಮುಖ ಮಾಡಿ, ಹಿಂದಡಿಯಿಟ್ಟು ಹತ್ತುತ್ತ
"ಸಾವಕಾಶ, ಸಾವಕಾಶ" ಅನ್ನುತ್ತಿದ್ದರು.
ಕೊಳವೆಗೋ, ನನಗೋ.

ಒಂಬತ್ತೂವರೆಗೆ ನೆಲದ ಮೇಲೆ ಕೂತೆವು.
ಚೀಲದಿಂದ ತೆಗೆದರು ಆರು ತಿಂಗಳ ವರದಿಯ ಫಾರಮ್ಮು,
ಹಳದಿ ಚೀಟಿ ಅಂಟಿಸಿದಲ್ಲಿ ಸಹಿ ಹಾಕಿ
ನನ್ನ ಕಡೆ ಹಿಡಿದರು, ಇಲ್ಲಿ ನಿನ್ನದು.
ನಾಲ್ಕು ವಿಷಯ, ನಾಲ್ಕು ಗ್ರೇಡು.
ಅವರ ಕೆಸರಿನ ಹೆಬ್ಬೆರಳು
ಸರಿಯಾಗಿ ಮೂರನೇ ಸಾಲಿನ ಮೇಲೆ.
ಬೇಕೆಂತಲೇ ಇಟ್ಟರೋ,
ಅಲ್ಲಿ ಹಿಡಿದರೆ ಕಾಗದ ಜಾರುವುದಿಲ್ಲವೆಂದೋ.
ತೆಗೆದ ಮೇಲೂ ಗುರುತು ಅಲ್ಲೇ ಇತ್ತು,
ಸಿ ಕಾಣುತ್ತಿತ್ತು, ಪ್ಲಸ್ಸು ಕಾಣುತ್ತಿರಲಿಲ್ಲ.
ನಗು ಬಂತು ನನಗೆ, ಕೆಮ್ಮಿದೆ.

ಕೀಲಿಯ ಮಾತು ಅವರೆತ್ತಲಿಲ್ಲ, ನಾನೂ ಎತ್ತಲಿಲ್ಲ.
ಕೊನೆಯ ಬಸ್ಸು ಹೋಗಿತ್ತು.
ಕರಂಜಾಳೆಯವರೆಗೂ ನಡೆಯುತ್ತ
ಎಷ್ಟು ಸಲ ಮುಟ್ಟಿ ನೋಡಿಕೊಂಡೆನೋ ಕೊರಳ ದಾರ,
ಹಗುರವಾಗಿತ್ತು,
ಒಂದು ಕಡೆ ಇನ್ನೂ ಒದ್ದೆ.