ಹುಕ್ಕು ಎರಡು ಪ್ಯಾಕೆಟ್

ಬೇಕಾದ್ದು ಇಷ್ಟೇ:
ಬದನೆ ಹೂವಿನ ಬಣ್ಣದ ನೂಲು ಒಂದು ರೀಲು,
ಲೈನಿಂಗ್ ಎರಡು ಮೀಟರ್, ಹುಕ್ಕು ಎರಡು ಪ್ಯಾಕೆಟ್.
ಗ್ರೇಟಾಬಾಯಿಯ ಮಗಳ ರೋಸಿಗೆ ಇನ್ನು ಮೂರೇ ದಿನ.
ತುಂಡು ಬಟ್ಟೆಯನ್ನು ಅಂಗೈಯಲ್ಲಿ ಮಡಚಿ ಹಿಡಿದು
ಹಂಪನಕಟ್ಟೆಯಲ್ಲಿ ಇಳಿದೆ. ಐದೂಕಾಲು.
ಬಿಸಿಲು ಇನ್ನೂ ಬೆನ್ನು ಬಿಟ್ಟಿರಲಿಲ್ಲ.

ಮೊದಲ ಅಂಗಡಿಯ ಕನ್ನಡಿಯಲ್ಲಿ ಅವನನ್ನು ಕಂಡೆ:
ನೀಲಿ ಚೌಕುಳಿ ಅಂಗಿ, ಕೈಯಲ್ಲಿ ಏನೂ ಇಲ್ಲ.
ಎರಡನೆಯದರ ಎದುರು ಫೋನಿನೊಳಗೆ ತಲೆ ಹುಗಿದು ನಿಂತಿದ್ದ.
ಭವಂತಿ ಸ್ಟ್ರೀಟಿಗೆ ನಾನು ತಿರುಗಿದಾಗ ತಿರುಗಿದ.
ಹಣ್ಣಿನ ಗಾಡಿಯ ಹತ್ತಿರ ನಿಂತು
ಬೇಡದ ಕದಳಿಗೆ ರೇಟು ಕೇಳಿದೆ.
ಅವನೂ ನಿಂತ. ಚಪ್ಪಲಿಯ ಪಟ್ಟಿ ಸರಿ ಮಾಡಿಕೊಂಡ.

ಇಪ್ಪತ್ತಾರು ವರ್ಷದಿಂದ ಹೆಂಗಸರ ಅಳತೆ ತೆಗೆಯುವವಳು ನಾನು.
ಟೇಪು ತಾಗಿಸುವ ಮೊದಲು ಕೇಳಿಯೇ ತಾಗಿಸುತ್ತೇನೆ.
ಟೇಪಿಲ್ಲದೆ ಅಳೆಯುವ ಕಣ್ಣು
ಕತ್ತಿನ ಹಿಂದೆ ಎಲ್ಲಿ ಬಂದು ಕೂತಿತೆಂದು
ನನಗೆ ಇಂಚಿನ ಲೆಕ್ಕದಲ್ಲಿ ಗೊತ್ತು.
ಅಥವಾ, ಗೊತ್ತೆಂದುಕೊಂಡಿದ್ದೇನೆ.

ನಲವತ್ತೆಂಟು ದಾಟಿದವಳ ಹಿಂದೆ ಯಾರು ಬರ್ತಾರೆ ಮಾರಾಯ್ತಿ,
ನನ್ನೊಳಗೆ ಕೂತ ನಾದಿನಿ ನಕ್ಕಳು.
ಬ್ಯಾಗು ಹೊಟ್ಟೆಯ ಮುಂದಕ್ಕೆ ಬಂತು.
ಕರಿಮಣಿ ಸೆರಗಿನೊಳಗೆ ಹೋಯಿತು.
ಕೈ ಕತ್ತರಿಯನ್ನು ಹುಡುಕಿತು, ಅದು ಮನೆಯಲ್ಲಿ,
ಮಿಷನಿನ ಮೇಲೆ, ಬಾಯಿ ತೆರೆದುಕೊಂಡು.

ನೂಲಿನ ಅಂಗಡಿಯಲ್ಲಿ ಸಫ್ವಾನ್ ಇದ್ದ.
ಮೂರನೆಯ ಕ್ಲಾಸಿನಿಂದ ಅಪ್ಪನ ಬದಿಯಲ್ಲಿ
ರೀಲು ಜೋಡಿಸುತ್ತ ಬೆಳೆದ ಹುಡುಗ.
"ಟೈಲರಕ್ಕ, ಎಂತ ಮುಖ ಹಾಗೆ?"
ನಾನು ಬೀದಿಯ ಕಡೆ ನೋಡಿದೆ. ಅವನೂ ನೋಡಿದ.
ಆಚೆ ಬದಿಯ ಕಟ್ಟೆಯಲ್ಲಿ ನೀಲಿ ಚೌಕುಳಿ.
"ನಿಲ್ಲಿ, ಬಸ್ಸಿನವರೆಗೆ ನಾನು ಬರ್ತೇನೆ"
ಎಂದು ಕೌಂಟರಿನ ಹಲಗೆ ಎತ್ತಿದ.
ಅರ್ಧ ಎತ್ತಿದ ಹಲಗೆ ಹಾಗೇ ನಿಂತಿತು.

ಇಬ್ಬರಿಗೂ ನೆನಪಾದದ್ದು ಒಂದೇ ಇರಬೇಕು:
ಹೋದ ತಿಂಗಳು ಜ್ಯೂಸಿನ ಅಂಗಡಿಯ ಎದುರು
ಮೂರು ಬೈಕು ಅಡ್ಡ ನಿಲ್ಲಿಸಿ
ನಿನ್ನ ಹೆಸರೆಂತ, ಇವಳ ಹೆಸರೆಂತ ಎಂದು ಕೇಳಿದ್ದು.
ಹುಡುಗಿಯ ಕೈಯಲ್ಲಿ ಇನ್ನೂ ಸ್ಟ್ರಾ ಇತ್ತಂತೆ.
ಇವನ ತಾಯಿಯ ಪ್ರಾಯ ನನಗೆ ಎಂದು ಹೇಳುವಷ್ಟು
ಪುರುಸೊತ್ತು ಯಾರು ಕೊಡುತ್ತಾರೆ?
ಹಲಗೆಯನ್ನು ನಾನೇ ಮೆಲ್ಲಗೆ ಇಳಿಸಿದೆ.
"ಬೇಡ ಮಗಾ, ಗಿರಾಕಿ ಉಂಟಲ್ಲ."
ಗಿರಾಕಿ ಯಾರೂ ಇರಲಿಲ್ಲ.
ಅವನು ಒಂದು ರೀಲನ್ನು ಎರಡೆರಡು ಕಾಗದದಲ್ಲಿ ಸುತ್ತಿದ.

ಮತ್ತೆ ನಡೆದದ್ದು ನಡಿಗೆಯಲ್ಲ.
ಮಾರ್ಕೆಟಿನ ಬದಿ, ಕೊಳೆತ ಕ್ಯಾಬೇಜು ದಾಟಿ,
ಯಾರದೋ ಕೊಡೆಗೆ ತಾಗಿ, ಬೈಗುಳ ಕೇಳಿ,
ಸ್ಟೇಟ್ ಬ್ಯಾಂಕ್ ತಲುಪುವಾಗ
ಅಂಗೈಯ ತುಂಡು ಬಟ್ಟೆ ಹಿಂಡಿದರೆ ನೀರು.

ಕಾವೂರು ಬಸ್ಸು. ಡ್ರೈವರನ ಹಿಂದಿನ ಸೀಟು.
ಹಿಂದಿನ ಬಾಗಿಲಿನಿಂದ ಅವನೂ ಹತ್ತಿದ.
ಲಾಲ್‌ಬಾಗ್. ಬಿಜೈ. ಕಾಪಿಕಾಡು.
ಪ್ರತಿ ವಿಸಿಲಿಗೂ ಉಸಿರು ಹಿಡಿದೆ.
ಕುಂಟಿಕಾನದಲ್ಲಿ ಇಳಿದ.
ಅಲ್ಲಿ ಅಜ್ಜಿಯ ಕೈ ಹಿಡಿದು ನಿಂತ ಪುಟ್ಟ ಹುಡುಗಿಗೆ
ಕಿಸೆಯಿಂದ ತೆಗೆದು ಕೊಟ್ಟ:
ಒಂದು ಕ್ಲಿಪ್ಪು. ಗುಲಾಬಿ, ಚಿಟ್ಟೆಯದ್ದು.

ನಾಚಿಕೆಯಾಯಿತು.
ದೇರೆಬೈಲಿನ ತನಕ ಪಾಪ ಎನಿಸಿತು.
ಆಮೇಲೆ ಸಿಟ್ಟು, ಯಾರ ಮೇಲೆಂದು ತಿಳಿಯದ್ದು,
ಬಾಬಿನ್ನಿನಲ್ಲಿ ಸಿಕ್ಕಿಕೊಂಡ ನೂಲಿನಂಥದ್ದು,
ಎಳೆದಷ್ಟೂ ಬಿಗಿ.
ಅವನು ಕ್ಲಿಪ್ಪನ್ನೇ ಹುಡುಕುತ್ತಿದ್ದನೋ ಏನೋ.
ಆದರೆ ಮಗಳಿಗೆ ಕ್ಲಿಪ್ಪು ಒಯ್ಯುವ ಕೈಗಳೂ
ರಶ್ಶಿನ ಬಸ್ಸಿನಲ್ಲಿ ಏನು ಮಾಡುತ್ತವೆಂದು ನನಗೆ ಗೊತ್ತುಂಟು.

ಮನೆಯಲ್ಲಿ ಗ್ರೇಟಾಬಾಯಿ ಕಾಯುತ್ತಿದ್ದರು, ಮಗಳ ಜೊತೆ.
ಬಣ್ಣ ಕೂಡಿತು. ಲೈನಿಂಗೂ ಸರಿ.
"ಹುಕ್ಕು?"
"ಅಂಗಡಿ ಮುಚ್ಚಿತ್ತು" ಎಂದೆ.

ಹುಡುಗಿ ನನ್ನ ಮುಖವನ್ನು
ತುಸು ಹೆಚ್ಚೇ ಹೊತ್ತು ನೋಡಿದಳು.
ಮತ್ತೆ ಪರ್ಸಿನ ಒಳಜೇಬಿನಿಂದ ಒಂದು ಪಿನ್ನು ತೆಗೆದು
ಮಿಷನಿನ ಮೇಲಿಟ್ಟಳು, ಕತ್ತರಿಯ ಹತ್ತಿರ.
"ಸದ್ಯಕ್ಕೆ ಇದು ಹಾಕಿ ಟ್ರಯಲ್ ನೋಡುವ ಆಂಟಿ.
ಬಸ್ಸಿಗೆಂದು ಯಾವಾಗಲೂ ಇಟ್ಟಿರ್ತೇನೆ."

ಪಿನ್ನಿನ ಮೊನೆ ಸ್ವಲ್ಪ ಬಗ್ಗಿತ್ತು.