ಅರ್ಧ ದಿನ

ಹದಿನೆಂಟು ವರ್ಷದಿಂದ ಬೀಜ ಆರಿಸುತ್ತಿದ್ದೇನೆ
ಚಿಕ್ಕಮಗಳೂರಿನ ಈ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ.
ಕರಿ ಬೀಜ ಎಡಕ್ಕೆ, ಒಡಕು ಬಲಕ್ಕೆ,
ಹುಳ ಕೊರೆದದ್ದು ಮೊರದ ಅಂಚಿಗೆ.
ಒಳ್ಳೆಯದು ಇದ್ದಲ್ಲೇ ಇರುತ್ತದೆ,
ಅದನ್ನು ಯಾರೂ ಮುಟ್ಟುವುದಿಲ್ಲ.

ಹೀಗೆ ಸವೆದ ಹೆಬ್ಬೆರಳನ್ನು
ಸೊಸೈಟಿಯ ಮಿಷನ್ನು ಒಪ್ಪುವುದಿಲ್ಲ.
'ಒರೆಸ್ಕೊಂಡು ಬಾ ಜವರಮ್ಮ' ಅಂತಾರೆ.
ಸೆರಗಿಗೆ ಒರೆಸಿದೆ. ಗೋಡೆಗೆ ಉಜ್ಜಿದೆ.
ತಲೆಗೂದಲಿಗೆ ಸವರಿ ಎಣ್ಣೆಜಿಡ್ಡು ತಾಗಿಸಿದೆ.
ಕೆಂಪು ದೀಪ. ಮತ್ತೆ ಕೆಂಪು ದೀಪ.
ಹಿಂದಿನ ಮೂವತ್ತು ಜನ ಉಸ್ಸೆಂದರು
ಅವರ ಪಾಲನ್ನೂ ನಾನೇ ತಿಂದ ಹಾಗೆ.

ತಿಂಗಳಿಗೊಮ್ಮೆ ತಡವಾಗಿ ಹೋಗುವ ಆ ದಿನ
ರೈಟರ್ ಷಡಕ್ಷರಿ ಕನ್ನಡಕ ಏರಿಸುತ್ತಾರೆ:
'ಏನ್ರಮ್ಮ, ಬಿಟ್ಟಿ ಅಕ್ಕಿ ಬಂತಾ?
ಇನ್ಯಾಕೆ ಕೈ ಕೆಸರು ಮಾಡ್ಕೊಳ್ಳೋದು,
ಮೊಸರು ಮನೆಗೇ ಬರ್ತದಲ್ಲ!'
ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಗೀಟು.
ಅಕ್ಕಿ ತರಲು ಹೋದದ್ದಕ್ಕೆ ಅರ್ಧ ದಿನದ ಕೂಲಿ.
ಲೆಕ್ಕ ಹಾಕಿದರೆ ಬಿಟ್ಟಿಯೇನಲ್ಲ.
ಆದರೆ ಲೆಕ್ಕ ಹಾಕುವವರು ಅವರು.

ಪಕ್ಕದ ಮೊರದ ಖತೀಜಾ ನಗುತ್ತಾಳೆ,
ಅವಳು ನಕ್ಕರೆ ಹೊಟ್ಟು ಹಾರುತ್ತದೆ:
'ಹೋಗೇ, ಆ ಅಕ್ಕಿ ನಮಗೆ ಕೊಟ್ಟಿದ್ದಾ?
ಕೊಟ್ಟಿದ್ದು ಈ ವರ್ಕ್ಸಿಗೆ.
ಇವರ ಕೂಲೀಲಿ ಮೂರನೇ ವಾರ ಒಲೆ ಹತ್ತಲ್ಲ,
ಹತ್ತದ್ದನ್ನ ಸರ್ಕಾರ ಹತ್ತಿಸ್ತದೆ.
ನಾವು ಉಪ್ಪಳ್ಳಿಗಂಟ ಹೊತ್ಕೊಂಡು ಹೋಗ್ತೀವಿ, ಅಷ್ಟೆ.
ಹೊರೋ ಕೂಲೀನೂ ಕೊಡಲ್ಲ ಬಡ್ಡಿಮಕ್ಕಳು.'

ಅವಳಿಗೆ ಹೇಳುವುದು ಸುಲಭ.
ನಾನಂತೂ ಸೊಸೈಟಿಯ ಚೀಲವನ್ನು
ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಯ ಕವರಿಗಿಳಿಸಿ
ಜರಿ ಸೀರೆ ಕೊಂಡವಳ ಹಾಗೆ ನಡೆಯುತ್ತೇನೆ.
ಹತ್ತು ಕೇಜಿ ಜರಿ ಸೀರೆ!
ಭುಜ ಒಂದು ಕಡೆಗೆ ವಾಲುತ್ತದೆ.
ಮಗಳು ಹತ್ತು ಹೆಜ್ಜೆ ಮುಂದೆ,
ಯಾರದೋ ಮಗಳು.

ಹೋದ ಗುರುವಾರ ನಮ್ಮ ಅಂಗಡಿಯ ಮಿಷನ್ನೇ ಕೆಟ್ಟು
ಗೌರಿ ಕಾಲುವೆ ಕಡೆಯ ಅಂಗಡಿಗೆ ಹೋದೆ.
ಗಂಡಸರ ಸಾಲಿನಲ್ಲಿ ಒಬ್ಬರು
ಹೆಲ್ಮೆಟ್ ತೆಗೆದಿರಲಿಲ್ಲ.
ಮಳೆ ಇಲ್ಲ. ಸ್ಕೂಟರ್ ಅಷ್ಟು ದೂರ.
ಸರತಿ ಬಂದಾಗಲೂ ತೆಗೆಯಲಿಲ್ಲ.
ಅಂಗಿಜೇಬಿನ ಆ ಕೆಂಪು ಶಾಯಿ ಕಲೆ ನನಗೆ ಗೊತ್ತು,
ಪ್ರತಿ ಶನಿವಾರ ಅದರೆದುರು ಕೈ ಚಾಚುತ್ತೇನೆ.

ಪೆನ್ನು ಹಿಡಿದ ಹೆಬ್ಬೆರಳು,
ಒಂದೇ ಸಲಕ್ಕೆ ಹಸಿರು ದೀಪ.
ಅಂಗಡಿಯವನು ಊರಿಗೆಲ್ಲ ಕೇಳುವ ಹಾಗೆ ಓದಿದ:
'ಷಡಕ್ಷರಿ. ಐದು ಜನ. ಇಪ್ಪತ್ತೈದು ಕೇಜಿ.'
ಹೆಲ್ಮೆಟ್ಟಿನ ಗಾಜು ಒಳಗಿಂದ ಮಂಜಾಗಿತ್ತು.

ನಾನು ಬಗ್ಗಿ
ಸರಿಯಾಗೇ ಇದ್ದ ಚಪ್ಪಲಿಯ ಪಟ್ಟಿಯನ್ನು
ಸರಿಮಾಡಿಕೊಳ್ಳುತ್ತಾ ಇದ್ದೆ,
ಸ್ಕೂಟರ್ ಸದ್ದು ತಿರುವು ದಾಟುವವರೆಗೂ.

ಮಧ್ಯಾಹ್ನ ಹಾಜರಿ ಪುಸ್ತಕ ತೆರೆದರು.
ಅವರ ಹೆಸರು ಆ ಪುಸ್ತಕದಲ್ಲಿಲ್ಲ.
ನನ್ನ ಹೆಸರಿನೆದುರು ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಈ ಸಲ ಬಿಟ್ಟಿ ಎಂಬ ಮಾತು ಬರಲಿಲ್ಲ.
ಗೀಟು ಬಂತು.

ಖತೀಜಾಗೆ ಹೇಳಬೇಕೆಂದು ನಾಲಗೆಯ ತುದಿಗೆ ಬಂದದ್ದು
ಅಲ್ಲೇ ಕೂತಿತು.
ಮೊರಕ್ಕೆ ಹೊಸ ಮೂಟೆ ಸುರಿದರು. ಆರಿಸಿದೆ.
ಐದು ಜನ ಅಂದನಲ್ಲ ಅಂಗಡಿಯವನು,
ಅವರಲ್ಲಿ ಒಂದು ಕಾಲೇಜಿಗೆ ಹೋಗುವ ಕೂಸಿರಬಹುದು.
ನನ್ನ ಮಗಳ ಹಾಗೆ ಅದೂ
ಊಟದ ಡಬ್ಬಿಯ ಮುಚ್ಚಳವನ್ನು
ಅರ್ಧವೇ ತೆರೆಯುತ್ತದೇನೋ.