ಊಹೆಯ ಅಂಕ

ಇಂಗ್ಲೆಂಡಿನ ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರಂತೆ.
ಕಾರವಾರದ ಗಡಿಯಾರದಲ್ಲಿ ರಾತ್ರಿ ಹನ್ನೊಂದೂವರೆ.
ಈಗ ಒಂಬತ್ತು. ಕೋಡಿಬಾಗದ ನನ್ನ ಅಡುಗೆಮನೆಯ ಮೇಜಿನ ಮೇಲೆ
ಲ್ಯಾಪ್‌ಟಾಪು, ತಿದ್ದದೆ ಉಳಿದ ಲ್ಯಾಬ್ ರೆಕಾರ್ಡು,
ತಟ್ಟೆ ಮುಚ್ಚಿಟ್ಟ ಬಂಗಡೆ ಸಾರು.
ಎದುರಿಗೆ ಉಗುರು ಕಚ್ಚುತ್ತ
ಪ್ರಣಾಲಿ ಹರಿಕಂತ್ರ.

ಫಾರಂ ಕೇಳುತ್ತದೆ: ಈ ವಿದ್ಯಾರ್ಥಿನಿ
ಮಾರ್ಚಿನಲ್ಲಿ ಎಷ್ಟು ಅಂಕ ತೆಗೆಯುತ್ತಾಳೆ?
ಇದು ಜನವರಿ.
ಇಪ್ಪತ್ತೆರಡು ವರ್ಷ ಬಂದ ಅಂಕ ಕೂಡಿಸಿದವಳು ನಾನು,
ಬರದ ಅಂಕವನ್ನು ಯಾರೂ ಕೇಳಿರಲಿಲ್ಲ.
ಬೈತಖೋಲದ ಧಕ್ಕೆಯಲ್ಲಿ ಇವಳಪ್ಪ ಇಂಜಿನ್ನಿಗೆ ಕಿವಿಯಿಟ್ಟು
ಇದು ಕೂರ್ಮಗಡ ದಾಟ್ತದೆ, ಇದು ದಾಟೂದಿಲ್ಲ ಅಂತಾನೆ.
ಅಷ್ಟು ಕೇಳಿಸಿದ್ದರೆ ನನಗೂ ಸಾಕಿತ್ತು.

ಗಣಿತಕ್ಕೆ ತೊಂಬತ್ತಮೂರು ಅಂತ ಒತ್ತಿದೆ.
‘ಬೇಡ ಮೇಡಂ, ಎಂಬತ್ತೆಂಟು ಹಾಕಿ,
ಇಂಟಿಗ್ರೇಶನ್ನು ಕೈಕೊಡ್ತದೆ.’
‘ಎಂಬತ್ತೆಂಟಕ್ಕೆ ಅವರು ತಿರುಗಿಯೂ ನೋಡೂದಿಲ್ಲ ಮಾರಾಯ್ತಿ.’
‘ಹೆಚ್ಚು ಬರೆದು ಕಡಿಮೆ ಬಂದ್ರೆ?’
ತೊಂಬತ್ತೊಂದಕ್ಕೆ ಚೌಕಾಶಿ ಮುಗಿಯಿತು.
ಮೀನುಪೇಟೆಯಲ್ಲಿ ಇವಳಮ್ಮ ಇಸ್ವಾಣದ ದರಕ್ಕೆ ಒಪ್ಪುವುದೂ ಹೀಗೇ,
ಮುಖ ಸಣ್ಣ ಮಾಡಿ.

ಐದು ಊರು ಆರಿಸಿದ್ದಾಳೆ, ಐದಕ್ಕೂ ಕಡಲುಂಟು.
ಲಿವರ್‌ಪೂಲಿನಲ್ಲಿ ಭರತಿ ಒಂಬತ್ತು ಮೀಟರು ಏರುತ್ತದೆ ಅಂದಾಗ
ಅಪ್ಪ ಕೇಳಿದ್ದು ಒಂದೇ: ಹಾಗಾದ್ರೆ ದೋಣಿ ಕಟ್ಟೂದು ಎಲ್ಲಿ?
ದುಡ್ಡಿನ ಮಾತಿಗೆ ಬೇರೆ ಫಾರಂ ಇದೆ,
ಅದನ್ನು ಇವತ್ತು ತೆರೆಯುವುದಿಲ್ಲ ಅಂತ ಮೊದಲೇ ಕರಾರು.

ಇನ್ನು ನನ್ನ ಮಾತು. ನಾಲ್ಕು ಸಾವಿರ ಅಕ್ಷರದೊಳಗೆ,
ಬಿಟ್ಟ ಜಾಗವೂ ಲೆಕ್ಕಕ್ಕೆ.
ಅವಳು ಓದಬಾರದಂತೆ, ಪರದೆ ನನ್ನತ್ತ ತಿರುಗಿಸಿಕೊಂಡೆ.
ಶ್ರದ್ಧಾವಂತೆ, ವಿನಯವಂತೆ, ಸಮಯಪಾಲಕಿ...
ಇಂಥವರು ಕ್ಲಾಸಿಗೆ ಹನ್ನೆರಡು ಜನ. ಅಳಿಸಿದೆ.

ಬರೆದದ್ದು ಇದು.
ಮೊದಲ ಪಿಯುಸಿಯಲ್ಲಿ ನಾನೊಂದು ಪ್ರಶ್ನೆ ಕೊಟ್ಟಿದ್ದೆ,
ಸಮುದ್ರದ ನೀರಿನಲ್ಲಿ ಉಪ್ಪೆಷ್ಟು?
ಸಾವಿರಕ್ಕೆ ಮೂವತ್ತೈದು. ಪುಸ್ತಕದಲ್ಲುಂಟು. ಎರಡು ಅಂಕ.
ಇವಳು ಬರೆದಳು: ಎಲ್ಲಿಯ ನೀರು? ಯಾವ ತಿಂಗಳು?
ಕಾಳಿ ಸೇತುವೆಯ ಕೆಳಗೆ ಆಷಾಢದಲ್ಲಿ ಮೂರು,
ಸಂಕ್ರಾಂತಿ ಹೊತ್ತಿಗೆ ಮೂವತ್ತೊಂದು.
ಕೆಂಪು ಶಾಯಿಯಲ್ಲಿ ಅಡ್ಡ ಎಳೆದೆ.

ಮರುದಿನ ಚೀಲದ ತುಂಬ ಬಾಟಲಿ, ಹದಿನಾಲ್ಕು,
ಒಂದೊಂದಕ್ಕೂ ತಾರೀಕು, ಭರತಿಯೋ ಇಳಿತವೋ.
ಅಟೆಂಡರ್ ಗುನಗಿಯ ಹತ್ತಿರ ಬೀಗದಕೈ ಇಸಕೊಂಡು
ವರ್ಷವಿಡೀ ಅಳೆದಿದ್ದಾಳೆ, ನನ್ನದೇ ಲ್ಯಾಬಿನಲ್ಲಿ.
ನಾನೇ ಬ್ಯೂರೆಟ್ ತಿರುವಿದೆ. ಸಿಲ್ವರ್ ನೈಟ್ರೇಟು ಹನಿಹನಿ,
ಬಿಳಿ, ಬಿಳಿ, ಬಿಳಿ,
ಆಮೇಲೆ ಒಮ್ಮೆಲೇ ಇಟ್ಟಿಗೆ ಬಣ್ಣ.
ಅವಳ ಲೆಕ್ಕ ಸರಿ ಇತ್ತು.
ಅಂಕಪಟ್ಟಿ ಆಗಲೇ ಆಫೀಸಿಗೆ ಹೋಗಿಬಿಟ್ಟಿತ್ತು ಅಂದೆ.
ಆಫೀಸು ಇರುವುದು ಲ್ಯಾಬಿನ ಪಕ್ಕದ ಕೋಣೆಯಲ್ಲಿ.

ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಮೂರು ಸಲ ವ್ಯಾಕರಣ ತಪ್ಪಿತು,
ಪಕ್ಕದ ಕೋಣೆ ಅನ್ನುವಲ್ಲಿಯೇ ಪ್ರತಿ ಸಲ.
ಅಳಿಸಬಹುದಿತ್ತು. ಯಾರು ಕೇಳಿದ್ದರು
ಶಿಫಾರಸಿನ ಕಾಗದದಲ್ಲಿ ಬರೆದವಳ ಸುದ್ದಿ?
ಇರಲಿ ಅಂತ ಕಳಿಸಿದೆ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಅವಳೂ ಒತ್ತಿದಳು,
ಕಣ್ಣು ಮುಚ್ಚಿಕೊಂಡು, ತೋರುಬೆರಳಲ್ಲಿ,
ಏಡಿಯ ಬೆನ್ನು ಮುಟ್ಟಿದ ಹಾಗೆ.
‘ಏನ್ ಬರೆದ್ರಿ ಮೇಡಂ?’
‘ಸಮಯಪಾಲಕಿ ಅಂತ.’

ಹೊರಗೆ ಅವಳಪ್ಪನ ಸ್ಕೂಟರು, ಲೈಟು ಆರಿಸಿ ಕಾಯುತ್ತಿತ್ತು.
ಒಳಗೆ ಕರೆದರೆ ಮೈಯೆಲ್ಲ ಡೀಸೆಲ್ಲು ಅಂತ ಬರಲಿಲ್ಲ.
ಇಬ್ಬರೇ ಉಂಡೆವು, ತಣ್ಣಗಾದದ್ದನ್ನೇ.
ಮೊದಲ ತುತ್ತಿಗೆ ಅವಳು ತಲೆಯೆತ್ತಿದಳು,
ಹೇಳಲೋ ಬೇಡವೋ ಅನ್ನುವ ಮುಖ.
‘ಉಪ್ಪು ಕಡಿಮೆ, ಮೇಡಂ.’

‘ಎಷ್ಟು?’ ಅಂದೆ.